ತರಬೇತಿಯಲ್ಲಿ ಕಲಿತದ್ದನ್ನು ಪಕ್ಕದ ಕ್ಲಾಸಿಗೆ ದಾಟಿಸುವುದು ಹೇಗೆ?

ಪ್ರಶ್ನೆ: ನಾನು ಕಾಪು ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಟೀಚರ್. ಒಂಬತ್ತು ವರ್ಷದ ಸರ್ವಿಸ್. ಹೋದ ವರ್ಷ ತರಬೇತಿಯಲ್ಲಿ ಜಿಯೋಜೀಬ್ರಾ (ಗಣಿತವನ್ನು ಚಿತ್ರದಲ್ಲಿ ತೋರಿಸುವ ತಂತ್ರಾಂಶ), ಜೋಡಿ ಕೆಲಸ, ಗುಂಪು ಕೆಲಸ ಎಲ್ಲ ಕಲಿತು ಬಂದೆ. ನನ್ನ ಕ್ಲಾಸಿನಲ್ಲಿ ಅದರಿಂದ ಉಪಯೋಗ ಆಗಿದೆ. ಅದಕ್ಕೇ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಪಿಪಿಟಿ ಹಾಕಿ ತೋರಿಸಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಚಾ ಕುಡಿಯುವಾಗ ಒಬ್ಬರು "ಟೀಚರ್ ಈಗ ಟ್ರೈನರ್ ಆಗಿದ್ದಾರೆ" ಎಂದು ನಗಾಡಿದರು. ವಾಟ್ಸ್‌ಆ್ಯಪ್ ಗ್ರೂಪಿಗೆ ವಿಡಿಯೋ ಹಾಕಿದರೆ ಒಂದೆರಡು ಹೆಬ್ಬೆರಳು ಬರುತ್ತವೆ, ಅಷ್ಟೆ. ಹಿರಿಯರು "ನಮಗೆ ಇದೆಲ್ಲ ಆಗುವುದಿಲ್ಲ" ಅನ್ನುತ್ತಾರೆ. ದಾನಿಗಳು ಕೊಟ್ಟ ಪ್ರೊಜೆಕ್ಟರ್ ಎರಡು ವರ್ಷದಿಂದ ಕಪಾಟಿನಲ್ಲೇ ಇದೆ. ನಾನು ಸುಮ್ನೆ ನನ್ನ ಕ್ಲಾಸು ಮಾತ್ರ ನೋಡಿಕೊಂಡು ಇರುವುದೇ ಒಳ್ಳೆಯದಾ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಚಾದ ಹೊತ್ತಿನ ಮಾತು. ಅದು ಎಲ್ಲಿ ಚುಚ್ಚುತ್ತದೆ ಅಂತ ನನಗೆ ಗೊತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಮಾಷ್ಟ್ರಾಗಿದ್ದವನು. ಆಮೇಲೆ ನಿವೃತ್ತಿಯವರೆಗೂ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ. ಆ ಕೆಲಸದ ಮೊದಲ ಕೆಲವು ವರ್ಷ ನಾನೂ ನೀವು ಮಾಡಿದ್ದನ್ನೇ ಮಾಡಿದೆ. ನಾನು ಪಿಪಿಟಿ ಹಾಕುವುದು, ಎದುರಿನವರು ತಲೆ ಆಡಿಸುವುದು, ಹಾಜರಿ ಪುಸ್ತಕಕ್ಕೆ ಸಹಿ, ಊಟ, ಮನೆ.

ಒಂದು ಜುಲೈ ತಿಂಗಳು. ಮಂಗಳೂರಿನ ಹತ್ತಿರದ ಒಂದು ಶಾಲೆಯ ಹಾಲು, ಮೇಲೆ ತಗಡಿನ ಶೀಟು. ನಲವತ್ತು ಜನ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ನಾನು ಜಿಯೋಜೀಬ್ರಾದಲ್ಲಿ ಭಿನ್ನರಾಶಿ ತೋರಿಸುತ್ತಿದ್ದೆ. ಹನ್ನೊಂದು ಗಂಟೆಗೆ ಮಳೆ ಹೊಯ್ಯಲು ಶುರುವಾಯಿತು ನೋಡಿ, ಶೀಟಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಐದು ನಿಮಿಷದಲ್ಲಿ ಕರೆಂಟೂ ಹೋಯಿತು. ಮಳೆ ಸ್ವಲ್ಪ ಕಡಿಮೆಯಾದರೂ ಕರೆಂಟ್ ಬರಲಿಲ್ಲ. ನಾನು ವಾಚ್ ನೋಡಿಕೊಂಡು ನಿಂತಿದ್ದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯ ಟೀಚರ್ ಎದ್ದರು. ರಿಟೈರ್ ಆಗಲು ಒಂದೋ ಎರಡೋ ವರ್ಷ ಇದ್ದಿರಬೇಕು. "ಸರ್, ಕರೆಂಟ್ ಬರುವ ತನಕ ನಾನು ಒಂದು ಹೇಳ್ಲಾ?" ಎಂದರು.

ಅವರ ಶಾಲೆ ಇದ್ದದ್ದು ಶಂಕರಪುರದ ಕಡೆ. ಮಲ್ಲಿಗೆ ಬೆಳೆಯುವ ಊರು, ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಕ್ಕಳ ಎಂದಿನ ತಪ್ಪು ನಿಮಗೂ ಗೊತ್ತುಂಟಲ್ವಾ? ಮೂರನೇ ಒಂದು, ನಾಲ್ಕನೇ ಒಂದು, ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ಅರ್ಧ ಕ್ಲಾಸು ನಾಲ್ಕನೇ ಒಂದು ಅನ್ನುತ್ತದೆ. ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ, ಅದಕ್ಕೆ! ಈ ಟೀಚರ್ ಬೋರ್ಡಿನಲ್ಲಿ ಭಿನ್ನರಾಶಿ ಬರೆಯುವ ಮೊದಲು ಕೇಳುತ್ತಿದ್ದರಂತೆ: "ಒಂದು ಅಟ್ಟೆ ಹೂ ಉಂಟು. ಮೂರು ಮನೆಗೆ ಹಂಚುವುದಾ, ನಾಲ್ಕು ಮನೆಗಾ? ಒಂದು ಮನೆಗೆ ಜಾಸ್ತಿ ಸಿಗುವುದು ಯಾವಾಗ?" ಅಮ್ಮನ ಜೊತೆ ಕೂತು ಹೂ ಕಟ್ಟುವ ಹುಡುಗಿಗೆ ಅದು ಪ್ರಶ್ನೆಯೇ ಅಲ್ಲ. ನಾಲ್ಕು ಮನೆಗಾದರೆ ಒಂದೊಂದು ಚೆಂಡು, ಮೂರು ಮನೆಗಾದರೆ ಚೆಂಡಿಗಿಂತ ಜಾಸ್ತಿ. ಆಮೇಲೆ ಲೆಕ್ಕ. 3200 ಹೂವನ್ನು ಮೂರು ಪಾಲು ಮಾಡಿದರೆ ಪಾಲಿಗೆ 1066, ಮಿಕ್ಕಿದ್ದು ಎರಡು ಹೂ. "ಆ ಎರಡು ಹೂ ಯಾರಿಗೆ ಕೇಳಿದರೆ, ಟೀಚರಿಗೆ ಅಂತಾರೆ ಸರ್" ಎಂದು ಅವರು ನಕ್ಕರು. ಹಾಲಿನಲ್ಲಿದ್ದವರೆಲ್ಲ ಬೆಂಚು ಎಳೆದುಕೊಂಡು ಅವರ ಹತ್ತಿರ ಬಂದಿದ್ದರು. ಬೆಳಗಿನಿಂದ ನನ್ನ ಹತ್ತಿರ ಯಾರೂ ಬೆಂಚು ಎಳೆದಿರಲಿಲ್ಲ.

ಕರೆಂಟ್ ಬಂದ ಮೇಲೆ ಅವರೇ ಕೇಳಿದರು, "ಸರ್, ನಿಮ್ಮ ಆ ಲ್ಯಾಪ್‌ಟಾಪಿನಲ್ಲಿ ಇದನ್ನು ತೋರಿಸಲಿಕ್ಕೆ ಆಗ್ತದಾ? ಹೂವಿನ ಸರ ಉದ್ದ ಇದ್ದಷ್ಟೇ ಇರಬೇಕು, ಪಾಲು ಮಾತ್ರ ಹೆಚ್ಚಾಗ್ತಾ ಹೋಗಬೇಕು." ಅದು ಜಿಯೋಜೀಬ್ರಾದಲ್ಲಿ ಹತ್ತು ನಿಮಿಷದ ಕೆಲಸ. ಒಂದು ಉದ್ದ ಪಟ್ಟಿ, ಕೆಳಗೆ ಒಂದು ಸ್ಲೈಡರ್. ಸ್ಲೈಡರನ್ನು ಮೂರರಿಂದ ನಾಲ್ಕಕ್ಕೆ, ಐದಕ್ಕೆ, ಹತ್ತಕ್ಕೆ ಎಳೆದ ಹಾಗೆ ಒಂದೊಂದು ಪಾಲೂ ಸಣ್ಣದಾಗುತ್ತದೆ. ಅವತ್ತು ಮಧ್ಯಾಹ್ನ ಹನ್ನೊಂದು ಜನ ತಮ್ಮ ಫೋನಿಗೆ ಜಿಯೋಜೀಬ್ರಾ ಹಾಕಿಸಿಕೊಂಡರು. ಬೆಳಗ್ಗೆ ನಾನು ಆ ತಂತ್ರಾಂಶದ ಜಾತಕವನ್ನೇ ಹೇಳಿದ್ದೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್ವಾರ್ಟರ್ ಎಂಬ ವಿದ್ಯಾರ್ಥಿ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರು ಮಾಡಿದ್ದು, ಶಾಲೆಗಳಿಗೆ ಉಚಿತ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಇತ್ಯಾದಿ. ಒಬ್ಬರೂ ಫೋನ್ ತೆಗೆದಿರಲಿಲ್ಲ.

ಈಗ ನಿಮ್ಮ ವಿಷಯ. ನೀವು ತೋರಿಸಿದ್ದರಲ್ಲಿ ತಪ್ಪಿಲ್ಲ. ಯಾರೂ ಕೇಳುವ ಮೊದಲೇ ತೋರಿಸಿದಿರಿ, ಅಷ್ಟೆ. ಮೂವತ್ತು ವರ್ಷ ಪಾಠ ಮಾಡಿದವರ ಎದುರು ನಾವು "ಹೀಗೆ ಮಾಡಿದರೆ ಮಕ್ಕಳಿಗೆ ಅರ್ಥ ಆಗ್ತದೆ" ಅಂದರೆ, ಅವರ ಕಿವಿಗೆ ಬೀಳುವುದು "ಇಷ್ಟು ದಿನ ನೀವು ಮಾಡಿದ್ದು ಅರ್ಥ ಆಗಿಲ್ಲ" ಅಂತ. ನಮ್ಮ ಎರಡು ಜಿಲ್ಲೆಗಳಲ್ಲಿ ಇದು ಇನ್ನೂ ಸ್ವಲ್ಪ ಜಾಸ್ತಿ. 2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಫಲಿತಾಂಶ ಹೀಗೆ ಬರುತ್ತಿರುವಾಗ ಹೊಸದು ಯಾಕೆ ಬೇಕು ಮಾರಾಯ್ರೆ ಅಂತ ಯಾರಾದರೂ ಕೇಳಿದರೆ, ಅವರನ್ನು ಸೋಮಾರಿ ಅನ್ನಲಿಕ್ಕೆ ಬರುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಇನ್ನು ಎರಡು ತಿಂಗಳು ನೀವು ಏನನ್ನೂ ತೋರಿಸಬೇಡಿ. ಕೇಳಲಿಕ್ಕೆ ಹೋಗಿ. "ನಮಗೆ ಇದೆಲ್ಲ ಆಗುವುದಿಲ್ಲ" ಅಂದರಲ್ಲ, ಅವರ ಹತ್ತಿರವೇ ಹೋಗಿ. "ಸರ್, ನನ್ನ ಆರನೇ ಕ್ಲಾಸಿಗೆ ದಶಮಾಂಶ ತಲೆಗೆ ಹೋಗ್ತಾ ಇಲ್ಲ. ನೀವು ಮಾಡುವಾಗ ಹಿಂದೆ ಒಂದು ಪೀರಿಯಡ್ ಕೂತ್ಕೊಳ್ಲಾ?" ಅಂತ ಕೇಳಿ. ಇದು ನಾಟಕ ಆಗಬಾರದು. ನಿಮಗೆ ನಿಜಕ್ಕೂ ಕಷ್ಟ ಆಗುತ್ತಿರುವ ಪಾಠವನ್ನೇ ಹಿಡಿದುಕೊಂಡು ಹೋಗಿ. ಹೋಗಿ ಕೂತಾಗ ಮಾಷ್ಟ್ರನ್ನು ನೋಡಬೇಡಿ, ಮೂರು ಮಕ್ಕಳನ್ನು ಮಾತ್ರ ನೋಡಿ. ಒಬ್ಬ ಚುರುಕು, ಒಬ್ಬಳು ಸಾಧಾರಣ, ಒಬ್ಬ ಕಿಟಕಿ ನೋಡುವವನು. ಯಾವ ಮಾತಿಗೆ ಯಾರ ಪೆನ್ಸಿಲ್ ನಿಂತಿತು, ಯಾರು ಪಕ್ಕದವರ ಪುಸ್ತಕ ನೋಡಿದರು ಅಂತ ಬರೆದುಕೊಳ್ಳಿ. ಆಮೇಲೆ ಮಾಷ್ಟ್ರಿಗೆ ಅದನ್ನೇ ಹೇಳಿ. ಹೊಗಳಿಕೆ ಬೇಡ, ವಿಮರ್ಶೆಯೂ ಬೇಡ. ಪಾಠ ಮಾಡುವವರಿಗೆ ಅವರ ಕ್ಲಾಸಿನ ಹಿಂದಿನ ಬೆಂಚು ಯಾವತ್ತೂ ಕಾಣಿಸಿರುವುದಿಲ್ಲ. ಅದನ್ನು ತಂದುಕೊಟ್ಟವರನ್ನು ಅವರು ಬೇಗ ಮರೆಯುವುದಿಲ್ಲ.

ಜಪಾನಿನಲ್ಲಿ ಇದೊಂದು ಪದ್ಧತಿಯೇ ಆಗಿದೆ. ಜುಗ್ಯೋ ಕೆಂಕ್ಯೂ ಅನ್ನುತ್ತಾರೆ, ಅಂದರೆ ಪಾಠದ ಅಧ್ಯಯನ. ನೂರು ವರ್ಷಕ್ಕೂ ಹಳೆಯದು. ನಾಲ್ಕೈದು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಕೂತು ತಯಾರು ಮಾಡುತ್ತಾರೆ. ಒಬ್ಬರು ಮಕ್ಕಳಿಗೆ ಮಾಡುತ್ತಾರೆ, ಉಳಿದವರು ಸುತ್ತ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಚರ್ಚೆ, ತಿದ್ದುಪಡಿ. ಎಷ್ಟೋ ಸಲ ತಿದ್ದಿದ ಪಾಠವನ್ನು ಬೇರೆಯವರು ಬೇರೆ ಕ್ಲಾಸಿಗೆ ಮಾಡಿ ನೋಡುತ್ತಾರೆ. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಪಾಠ ಎಲ್ಲರದ್ದೂ ಆಗಿರುವುದರಿಂದ ಸೋತರೆ ಯಾರೊಬ್ಬರ ಮರ್ಯಾದೆಯೂ ಹೋಗುವುದಿಲ್ಲ. ನಮಗೂ ಇದು ಹೊಸದೇನಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆ ನೋಡಿದವರಿಗೆ ಗೊತ್ತು, ಎದುರು ಕೂತವರ ಮಾತು ಕೇಳಿಯೇ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಮುಂದಿನ ಮಾತು ಹುಟ್ಟುವುದು. ಒಬ್ಬರೇ ಎರಡು ಗಂಟೆ ಮಾತಾಡಿದರೆ ಅದು ಹರಿಕಥೆ. ನಮ್ಮ ಕ್ಲಸ್ಟರ್ ಸಭೆಗಳೆಲ್ಲ ಹರಿಕಥೆ ಆಗಿಬಿಟ್ಟಿವೆ.

ನಿಮ್ಮ ಕಡೆ ಇದನ್ನು ಸಣ್ಣದಾಗಿ ಮಾಡಬಹುದು. ಮೂರು ಜನ ಸಾಕು. ನಡೆದು ಹೋಗುವಷ್ಟು ಹತ್ತಿರದ ಎರಡು ಶಾಲೆ ಇದ್ದರೆ ಇನ್ನೂ ಒಳ್ಳೆಯದು. ಶನಿವಾರ ಬೆಳಗಿನ ತರಗತಿ ಬಿಟ್ಟ ಮೇಲೆ ಒಂದು ಗಂಟೆ ಕೂತು ಪಾಠ ತಯಾರು ಮಾಡಿ. ಇನ್ನೊಂದು ಶಾಲೆಗೆ ಹೋಗಿ ಪಾಠ ನೋಡುವ ದಿನಕ್ಕೆ ಓಓಡಿ (ಹೊರಗಿನ ಕರ್ತವ್ಯಕ್ಕೆ ಅನುಮತಿ) ಬೇಕಾಗುತ್ತದೆ. ಅದನ್ನು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರ ಹತ್ತಿರ ಮೊದಲೇ ಮಾತಾಡಿ, ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡಿ. ಸುಮ್ನೆ ಬಾಯಿಮಾತಿನಲ್ಲಿ ಹೋಗಬೇಡಿ. ಆ ದಿನ ಯಾರಾದರೂ ಮೇಲಿನವರು ಶಾಲೆಗೆ ಬಂದರೆ ನಿಮ್ಮ ಮುಖ್ಯ ಶಿಕ್ಷಕರಿಗೆ ಇಕ್ಕಟ್ಟು, ಮುಂದಿನ ಸಲ ಅವರು ಬಿಡುವುದಿಲ್ಲ.

ಮಲ್ಲಿಗೆಯ ಕತೆ ಅಲ್ಲಿಗೇ ಮುಗಿಯಲಿಲ್ಲ. ಅವತ್ತು ಹಾಲಿನಲ್ಲಿದ್ದ ಇನ್ನೊಬ್ಬ ಟೀಚರ್ ಮಲ್ಪೆ ಕಡೆಯ ಶಾಲೆಯವರು. ಅವರ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಅವರು ಅಟ್ಟೆಯ ಲೆಕ್ಕ ತೆಗೆದುಕೊಂಡು ಹೋಗಿ ಕ್ಲಾಸಿನಲ್ಲಿ ಹಾಕಿದರೆ ಮಕ್ಕಳು ಮಿಕಿಮಿಕಿ ನೋಡಿದವಂತೆ. ಮುಂದಿನ ಸಭೆಯಲ್ಲಿ ಎದ್ದು ನಿಂತು, "ನನ್ನ ಕ್ಲಾಸಿನಲ್ಲಿ ಅದು ಫೇಲ್ ಆಯ್ತು ಸರ್" ಎಂದರು. ನನಗೆ ಅವರ ಮೇಲೆ ಈಗಲೂ ಗೌರವ ಇರುವುದು ಆ ಒಂದು ವಾಕ್ಯಕ್ಕೆ. ಆದರೆ ಕ್ಲಾಸು ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಹೇಳಿದನಂತೆ: "ಟೀಚರ್, ನಮ್ಮೂರಾಗ ಹೂ ಮೊಳದಾಗ ಅಳೀತಾರ್ರೀ. ಮಾರಿಗೆ ನಾಕು ಮೊಳ." ಎರಡು ಕೈ ಚಾಚಿ ಮಾರು ತೋರಿಸಿದ, ಮೊಣಕೈ ಮಡಚಿ ಮೊಳ ತೋರಿಸಿದ. ಅಲ್ಲಿಯೂ ನಾಲ್ಕು, ಇಲ್ಲಿಯೂ ನಾಲ್ಕು! ಮರುದಿನ ಅವರು ಅದೇ ಪಾಠವನ್ನು ಮಾರು ಮೊಳದಲ್ಲಿ ಮಾಡಿದರು. ಒಬ್ಬರ ತಂತ್ರ ಇನ್ನೊಬ್ಬರ ಕ್ಲಾಸಿಗೆ ಹೋಗುವಾಗ ಹೀಗೆ ವೇಷ ಬದಲಿಸಲೇಬೇಕು. ಗ್ರೂಪಿಗೆ ಬಂದ ವಿಡಿಯೋ ಲಿಂಕಿಗೆ ಈ ಅವಕಾಶ ಇಲ್ಲ. ಅದು ಒಂದೇ ವೇಷದಲ್ಲಿ ಎಲ್ಲರ ಫೋನಿಗೂ ಬರುತ್ತದೆ, ಹೆಬ್ಬೆರಳು ತೆಗೆದುಕೊಂಡು ಹೋಗುತ್ತದೆ.

ನಲಿ-ಕಲಿಯನ್ನು ನೆನಪಿಸಿಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರ ಒಂದು ತಂಡ ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದಿತು. ಬಂದು ಅದನ್ನೇ ನಕಲು ಮಾಡಲಿಲ್ಲ, ತಮ್ಮ ಮಕ್ಕಳಿಗೆ ತಾವೇ ಕಾರ್ಡು ಮಾಡಿಕೊಂಡರು. ಆಮೇಲೆ 2009ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹೋಯಿತು. ತಾವು ಕಣ್ಣಾರೆ ನೋಡಿ ಬಂದವರ ಕೈಯಲ್ಲಿ ಆ ಕಾರ್ಡುಗಳು ಆಡಿದ ಹಾಗೆ, ಆದೇಶದ ಜೊತೆ ಕಟ್ಟು ಬಿಚ್ಚಿದವರ ಕೈಯಲ್ಲಿ ಆಡಲಿಲ್ಲ ಅನ್ನುವುದು ನನ್ನ ಅನಿಸಿಕೆ. ಒಪ್ಪದವರು ಇರಬಹುದು.

ತಂತ್ರಜ್ಞಾನದ ವಿಷಯಕ್ಕೆ ಬರೋಣ. ಹಿರಿಯರಿಗೆ ಏನಾದರೂ ಹೇಳಿಕೊಡುವಾಗ ನಾವೆಲ್ಲ ಮಾಡುವ ಒಂದು ತಪ್ಪುಂಟು. "ಕೊಡಿ ಸರ್, ನಾನು ಮಾಡಿಕೊಡ್ತೇನೆ" ಅಂತ ಅವರ ಕೈಯಿಂದ ಫೋನ್ ತೆಗೆದುಕೊಂಡು ಟಕಟಕ ಒತ್ತಿ ವಾಪಸ್ ಕೊಡುವುದು. ಕೆಲಸ ಆಯಿತು, ಕಲಿಯುವುದು ಆಗಲಿಲ್ಲ. ಫೋನ್ ಅವರ ಕೈಯಲ್ಲೇ ಇರಲಿ, ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಲಿ. ಬಾಯಲ್ಲಿ ಮಾತ್ರ ಹೇಳಿ. ಮೊದಲ ಸಲ ಹತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ.

ಯಾವುದರಿಂದ ಶುರು ಮಾಡಬೇಕು ಅಂದರೆ, ನಾನು ಫೋನಿನ ರೆಕಾರ್ಡರ್ ಅನ್ನುತ್ತೇನೆ. ಆ್ಯಪ್ ಬೇಡ, ನೆಟ್ ಬೇಡ. ಪಾಠ ಮಾಡುವಾಗ ಫೋನನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷ ನಿಮ್ಮದೇ ಧ್ವನಿ ರೆಕಾರ್ಡ್ ಮಾಡಿ, ಮನೆಯಲ್ಲಿ ಕೇಳಿ. ನಾನು ಮೊದಲ ಸಲ ಕೇಳಿದಾಗ ನಾಚಿಕೆಯಾಯಿತು. ಪ್ರಶ್ನೆ ಕೇಳುತ್ತೇನೆ. ಉಸಿರು ತೆಗೆಯುವ ಮೊದಲೇ "ಹೇಳಿ, ಹೇಳಿ, ಯಾರು ಹೇಳ್ತೀರಿ, ನಿನ್ನೆ ಮಾಡಿದ್ದಲ್ವಾ" ಅನ್ನುತ್ತೇನೆ. ಆಮೇಲೆ ಉತ್ತರವನ್ನೂ ನಾನೇ ಹೇಳುತ್ತೇನೆ. ಅಮೆರಿಕದ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದ ಆಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಉತ್ತರ ಹೊಂದಿಸಿಕೊಳ್ಳಬೇಕಾದ ನಮ್ಮ ಮಕ್ಕಳಿಗೆ ಆ ಎರಡು ಸೆಕೆಂಡು ಎಷ್ಟು ದೊಡ್ಡದು ಅಂತ ಯೋಚಿಸಿ. ಈ ರೆಕಾರ್ಡಿಂಗನ್ನು ಮೂವರ ಗುಂಪಿನಲ್ಲಿ ಮೊದಲು ನೀವೇ ಕೇಳಿಸಿ. ಉಳಿದವರು ತಮ್ಮದನ್ನು ತಾವಾಗಿಯೇ ತರುವ ತನಕ ಕಾಯಿರಿ. ಕೇಳಿ ಆದ ಮೇಲೆ ಅಳಿಸಿಬಿಡಿ.

ಎರಡನೆಯದು ಬೇಕಾದರೆ ಪ್ಲಿಕರ್ಸ್ ಎಂಬ ಆ್ಯಪ್. ಒಂದೊಂದು ಮಗುವಿಗೆ ಒಂದೊಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು ಬಿಳುಪಿನ ಚಿತ್ರ. ಕಾರ್ಡಿನ ಯಾವ ಬದಿ ಮೇಲೆ ಮಾಡಿ ಹಿಡಿದರು ಎನ್ನುವುದರ ಮೇಲೆ ನಾಲ್ಕರಲ್ಲಿ ಯಾವ ಉತ್ತರ ಅಂತ ನಿಮ್ಮ ಫೋನಿನ ಕ್ಯಾಮೆರಾ ಓದುತ್ತದೆ. ಮಕ್ಕಳ ಹತ್ತಿರ ಫೋನ್ ಬೇಕಾಗಿಲ್ಲ. ಇದನ್ನು ಒಬ್ಬ ಹಿರಿಯ ಮಾಷ್ಟ್ರಿಗೆ ತೋರಿಸಿದಾಗ ಅವರು, "ನಾವು ಸ್ಲೇಟು ಮೇಲೆತ್ತಿಸಿ ಇದನ್ನೇ ಮಾಡ್ತಿದ್ದೆವಲ್ಲ" ಎಂದರು. ಹೌದು, ಅದೇ. ವ್ಯತ್ಯಾಸ ಇಷ್ಟೇ: ಪಕ್ಕದವನ ಕಾರ್ಡು ನೋಡಿ ಉತ್ತರ ಕದಿಯಲು ಆಗುವುದಿಲ್ಲ, ಯಾರು ಏನು ಹೇಳಿದರು ಅಂತ ದಾಖಲೆ ಉಳಿಯುತ್ತದೆ. ಸ್ಲೇಟಿನಲ್ಲಿ ಕೆಲಸ ಆಗುವಲ್ಲಿ ಸ್ಲೇಟೇ ಇರಲಿ.

ಸರಕಾರದ ಕಲಿಕಾ ಆ್ಯಪ್ ದೀಕ್ಷಾ ಬಗ್ಗೆ ಒಂದೇ ಮಾತು. 2017ರಿಂದ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಪಾಠದ ವಿಡಿಯೋ ಬರುತ್ತದೆ, ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ನೆಟ್‌ವರ್ಕ್ ನಂಬಬೇಡಿ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಇಡೀ ವಿಡಿಯೋ ಹಾಕುವ ಬದಲು ನಿಮ್ಮ ಕ್ಲಾಸಿಗೆ ಬೇಕಾದ ಒಂದೆರಡು ನಿಮಿಷ ಎಲ್ಲಿದೆ ಅಂತ ಗುರುತು ಮಾಡಿ, ಆ ಗುರುತನ್ನು ಸಹೋದ್ಯೋಗಿಗಳಿಗೆ ಕೊಡಿ. ಲಿಂಕಿಗಿಂತ ಅದರ ಬೆಲೆ ಜಾಸ್ತಿ. ಚಾಟ್‌ಜಿಪಿಟಿಯಂಥವು ಲೆಕ್ಕದ ಪ್ರಶ್ನೆ ಮಾಡಿಕೊಡುತ್ತವೆ. ಆದರೆ ಅಟ್ಟೆಗೆ ಎಷ್ಟು ಚೆಂಡು ಅಂತ ನೀವೇ ಹೇಳಿಕೊಡಿ, ಉತ್ತರವನ್ನೂ ನೀವೇ ಮಾಡಿ ನೋಡಿ.

ವಾಟ್ಸ್‌ಆ್ಯಪ್ ಗ್ರೂಪನ್ನು ಬಿಟ್ಟುಬಿಡಿ. ಅದು ಸುತ್ತೋಲೆಗೆ, ಮಾಹಿತಿ ಕೇಳುವುದಕ್ಕೆ, ಶುಭೋದಯಕ್ಕೆ ಇರುವ ಜಾಗ. ನಿಮ್ಮ ಮೂವರದ್ದೇ ಬೇರೆ ಗುಂಪು ಮಾಡಿಕೊಳ್ಳಿ. ವಾರಕ್ಕೆ ಒಬ್ಬರಿಂದ ಒಂದು ಫೋಟೋ ಸಾಕು. ಬೋರ್ಡಿನದ್ದೋ, ಮಗುವಿನ ನೋಟ್‌ಬುಕ್ಕಿನ ತಪ್ಪು ಲೆಕ್ಕದ್ದೋ. ಕೆಳಗೆ "ಇವನು ಹೀಗೆ ಯಾಕೆ ಮಾಡಿರಬಹುದು?" ಎಂಬ ಒಂದೇ ಪ್ರಶ್ನೆ. ತಪ್ಪು ಲೆಕ್ಕ ನೋಡಿದರೆ ಗಣಿತ ಮಾಷ್ಟ್ರುಗಳಿಗೆ ಸುಮ್ಮನಿರಲು ಆಗುವುದಿಲ್ಲ, ಖಂಡಿತ ಉತ್ತರ ಬರುತ್ತದೆ. ಮಗುವಿನ ಹೆಸರು, ಮುಖ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟು ವರ್ಷದ ಒಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಬಿಡಿ, ತನ್ನ ಮಗನ ಸೊನ್ನೆ ಅಂಕ ಊರೆಲ್ಲ ಓಡಾಡುವುದು ಯಾವ ಅಮ್ಮನಿಗೂ ಬೇಡ.

ಕ್ಲಸ್ಟರಿನಲ್ಲಿ ಮತ್ತೆ ಮಾತಾಡುವ ದಿನ ಬಂದರೆ ಪಿಪಿಟಿ ಬೇಡ. ಸಿಆರ್‌ಪಿಯವರ ಹತ್ತಿರ ಇಪ್ಪತ್ತು ನಿಮಿಷ ಕೇಳಿಕೊಳ್ಳಿ. ನಿಮ್ಮ ಕ್ಲಾಸಿನಲ್ಲಿ ಕೆಟ್ಟದಾಗಿ ಹೋದ ಒಂದು ಪಾಠವನ್ನು ಐದು ನಿಮಿಷ ಹೇಳಿ, ಉಳಿದ ಹದಿನೈದು ನಿಮಿಷ ಅವರಿಗೆ ಬಿಡಿ. ನಗಾಡಿದವರು ಇದ್ದರಲ್ಲ, ಅವರನ್ನೇ ಮೊದಲು ಕೇಳಿ, "ಸರ್, ನೀವಾಗಿದ್ದರೆ ಎಂತ ಮಾಡ್ತಿದ್ರಿ?" ನನ್ನ ಅನುಭವದಲ್ಲಿ ಹಾಗೆ ನಗಾಡುವವರ ಹತ್ತಿರ ಹೇಳಲಿಕ್ಕೆ ಏನಾದರೂ ಇದ್ದೇ ಇರುತ್ತದೆ. ಇಷ್ಟು ವರ್ಷ ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೆ.

ಇನ್ನು ಆ ಪ್ರೊಜೆಕ್ಟರ್. ದಯವಿಟ್ಟು ಅದನ್ನು ಈ ವಾರವೇ ಹೊರಗೆ ತೆಗೆಯಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಈಗಾಗಲೇ ಎರಡು ಮಳೆಗಾಲ ಕಳೆದಿದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಒಳಗಿನ ತೇವ ಹೋಗುತ್ತದೆ. ಆರಿಸಿದ ಮೇಲೆ ಒಳಗಿನ ಫ್ಯಾನ್ ನಿಲ್ಲುವ ತನಕ ಪ್ಲಗ್ ಕೀಳಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮುಖ್ಯ ವಿಷಯ ಕಪಾಟಿನ ಬೀಗದ ಕೈ. ಅದು ಈಗ ಒಬ್ಬರ ಬ್ಯಾಗಿನಲ್ಲಿ ಇರುತ್ತದೆ, ಅವರು ರಜೆ ಹಾಕಿದ ದಿನ ಪ್ರೊಜೆಕ್ಟರಿಗೂ ರಜೆ. ಅದನ್ನು ಸ್ಟಾಫ್ ರೂಮಿನ ಗೋಡೆಯ ಮೊಳೆಗೆ ತೂಗುಹಾಕಲು ಮುಖ್ಯ ಶಿಕ್ಷಕರನ್ನು ಒಪ್ಪಿಸಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ, ತೆಗೆದವರು ಹೆಸರು ತಾರೀಕು ಬರೆಯಲಿಕ್ಕೆ. ಅದರ ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬಾರದ ಹಾಗೆ ನೋಡಿಕೊಳ್ಳಿ.